ಶಾಲಾ ಆಯ್ಕೆಯ ಚರ್ಚೆ: ಕರಾರಿನ ಮಾತೂ ಬರಲಿ

ವಾಣಿಜ್ಯ ಮತ್ತು ಕೈಗಾರಿಕೆಗೆ ಮೀಸಲಾದ ಈ ಪುಟಗಳಲ್ಲಿ ಶಾಲೆಗಳ ವಿಷಯವೇಕೆ ಎಂದು ಕೆಲವು ಸದಸ್ಯರು ಕೇಳಬಹುದು. ಕಾರಣ ಸರಳವಾದುದು. ನಾವು ಸಲ್ಲಿಸುವ ತೆರಿಗೆಯ ಒಂದು ದೊಡ್ಡ ಪಾಲು ಶಿಕ್ಷಣಕ್ಕೆ ವಿನಿಯೋಗವಾಗುತ್ತದೆ. ನಮ್ಮ ಅಂಗಡಿಗಳಿಗೆ ನಾಳೆ ಬರಬೇಕಾದ ಗುಮಾಸ್ತರೂ, ನಮ್ಮ ಕಾರ್ಖಾನೆಗಳಿಗೆ ಬರಬೇಕಾದ ಫಿಟ್ಟರ್, ಟರ್ನರ್‌ಗಳೂ ಇಂದು ಯಾವುದೋ ಒಂದು ಶಾಲೆಯಲ್ಲಿ ಕುಳಿತಿದ್ದಾರೆ. ಆ ಶಾಲೆ ಹೇಗಿದೆ ಎಂಬುದು ನಮಗೆ ಸಂಬಂಧಿಸದ ಸಂಗತಿಯಲ್ಲ.

ಇದಲ್ಲದೆ ಇನ್ನೊಂದು ಕಾರಣವೂ ಇದೆ. ಶಿಕ್ಷಣದ ಸುಧಾರಣೆಯ ಮಾತು ಬಂದಾಗಲೆಲ್ಲ ನಮ್ಮ ವೃತ್ತಿಯ ಭಾಷೆಯನ್ನೇ ಎರವಲು ಪಡೆಯಲಾಗುತ್ತಿದೆ. ಶಾಲೆಗಳ ನಡುವೆ ಪೈಪೋಟಿ ಇರಲಿ, ಪೋಷಕರು ಗ್ರಾಹಕರಂತೆ ಆರಿಸಿಕೊಳ್ಳಲಿ, ಸರ್ಕಾರದ ಹಣ ಮಗುವಿನ ಹಿಂದೆ ಹೋಗಲಿ ಎಂಬ ವಾದವನ್ನು ವ್ಯಾಪಾರಸ್ಥರಾದ ನಾವು ಸಹಜವಾಗಿಯೇ ಮೆಚ್ಚುತ್ತೇವೆ. ಆದರೆ ಪೈಪೋಟಿಯೊಂದರಿಂದಲೇ ಪೇಟೆ ನಡೆಯುವುದಿಲ್ಲ ಎಂಬುದನ್ನೂ ನಾವೇ ಚೆನ್ನಾಗಿ ಬಲ್ಲೆವು. ಸರಿಯಾದ ತೂಕ, ಸ್ಪಷ್ಟವಾದ ಕರಾರು, ಸಕಾಲದ ಪಾವತಿ ಇವಿಲ್ಲದ ಕಡೆ ಪೈಪೋಟಿಯು ಪ್ರಾಮಾಣಿಕನನ್ನೇ ಮೊದಲು ಹೊರದಬ್ಬುತ್ತದೆ. ಮೂರು ದಶಕಗಳಿಂದ ಅಮೆರಿಕದಲ್ಲಿ ನಡೆದಿರುವ ಚಾರ್ಟರ್ ಶಾಲೆಗಳ ಪ್ರಯೋಗ ಮತ್ತು ಅದರ ಸುತ್ತಲಿನ ವಾಗ್ವಾದ ಈ ಮಾತಿಗೆ ಒಳ್ಳೆಯ ನಿದರ್ಶನ.

ಸನದಿನ ಶಾಲೆ

ಚಾರ್ಟರ್ ಎಂದರೆ ಸನದು. ಒಂದು ಲಿಖಿತ ಒಪ್ಪಂದ. ಸರ್ಕಾರವೋ, ಶಾಲಾ ಮಂಡಳಿಯೋ, ಕೆಲವೆಡೆ ವಿಶ್ವವಿದ್ಯಾಲಯವೋ ಒಂದು ಸಂಸ್ಥೆಗೆ ಶಾಲೆ ನಡೆಸಲು ಸಾಮಾನ್ಯವಾಗಿ ಮೂರರಿಂದ ಐದು ವರ್ಷಗಳ ಅವಧಿಗೆ ಸನದು ನೀಡುತ್ತದೆ. ಶಾಲೆಯ ಖರ್ಚನ್ನು ಸಾರ್ವಜನಿಕ ಹಣದಿಂದಲೇ ಭರಿಸಲಾಗುತ್ತದೆ. ಶುಲ್ಕ ಪಡೆಯುವಂತಿಲ್ಲ, ಇಷ್ಟಬಂದ ಮಕ್ಕಳನ್ನು ಆರಿಸಿ ಸೇರಿಸಿಕೊಳ್ಳುವಂತಿಲ್ಲ. ಅರ್ಜಿಗಳು ಹೆಚ್ಚಾದರೆ ಚೀಟಿ ಎತ್ತಬೇಕು. ಅದಕ್ಕೆ ಪ್ರತಿಯಾಗಿ ಶಿಕ್ಷಕರ ನೇಮಕ, ವೇಳಾಪಟ್ಟಿ, ಬೋಧನಾ ಕ್ರಮಗಳಲ್ಲಿ ಆ ಶಾಲೆಗೆ ಸ್ವಾತಂತ್ರ್ಯವಿರುತ್ತದೆ. ಒಪ್ಪಿಕೊಂಡ ಫಲಿತಾಂಶ ಬಾರದಿದ್ದರೆ ಸನದು ನವೀಕರಣವಾಗದು, ಶಾಲೆ ಮುಚ್ಚಬೇಕಾಗುತ್ತದೆ.

ಈ ಕಲ್ಪನೆಯನ್ನು 1988ರಲ್ಲಿ ದೇಶದ ಗಮನಕ್ಕೆ ತಂದವರು ಉದ್ಯಮಪತಿಗಳಲ್ಲ, ಶಿಕ್ಷಕರ ಒಕ್ಕೂಟದ ಅಧ್ಯಕ್ಷರಾಗಿದ್ದ ಆಲ್ಬರ್ಟ್ ಶ್ಯಾಂಕರ್ ಎಂಬುದು ಗಮನಾರ್ಹ. ಶಿಕ್ಷಕರೇ ಹೊಸ ಬೋಧನಾ ಕ್ರಮಗಳನ್ನು ಪರೀಕ್ಷಿಸಿ ನೋಡುವ ತಾಣಗಳು ಇವಾಗಬೇಕೆಂಬುದು ಅವರ ಆಶಯವಾಗಿತ್ತು. ಚಾರ್ಟರ್ ಶಾಲೆಗಳು ಪೈಪೋಟಿಯ ಆಯುಧವಾಗುತ್ತಿವೆಯೆಂದು ಕಂಡಾಗ ಅವರೇ ಅವುಗಳ ಟೀಕಾಕಾರರಾದರು. 1991ರಲ್ಲಿ ಮಿನ್ನೆಸೋಟ ರಾಜ್ಯವು ಮೊದಲ ಕಾಯಿದೆಯನ್ನು ಅಂಗೀಕರಿಸಿತು. ಮರುವರ್ಷ ಸೇಂಟ್ ಪಾಲ್ ನಗರದಲ್ಲಿ ಮೊದಲ ಶಾಲೆ ತೆರೆಯಿತು. 2021ರ ವೇಳೆಗೆ ಸುಮಾರು 37 ಲಕ್ಷ ಮಕ್ಕಳು, ಅಂದರೆ ಅಲ್ಲಿನ ಸಾರ್ವಜನಿಕ ಶಾಲೆಗಳ ವಿದ್ಯಾರ್ಥಿಗಳಲ್ಲಿ ಶೇಕಡಾ 7ರಷ್ಟು, ಚಾರ್ಟರ್ ಶಾಲೆಗಳಲ್ಲಿ ಓದುತ್ತಿದ್ದರು.

ಫಲಿತಾಂಶ ಏನು ಹೇಳುತ್ತದೆ?

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೊ ಎಂಬ ಸಂಶೋಧನಾ ಕೇಂದ್ರವು 2009ರಲ್ಲಿ ಪ್ರಕಟಿಸಿದ ಅಧ್ಯಯನವು ಚಾರ್ಟರ್ ಪರವಾಗಿದ್ದವರಿಗೆ ನಿರಾಶೆ ತಂದಿತು. ಗಣಿತದಲ್ಲಿ ಶೇ. 17ರಷ್ಟು ಚಾರ್ಟರ್ ಶಾಲೆಗಳು ಮಾತ್ರ ಸಾಮಾನ್ಯ ಸರ್ಕಾರಿ ಶಾಲೆಗಳಿಗಿಂತ ಮೇಲಾಗಿದ್ದವು, ಶೇ. 37ರಷ್ಟು ಅವಕ್ಕಿಂತ ಕೆಳಗಿದ್ದವು. ಉಳಿದವುಗಳಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಅದೇ ಕೇಂದ್ರದ 2023ರ ವರದಿಯಲ್ಲಿ ಚಿತ್ರ ಬದಲಾಗಿತ್ತು. ಚಾರ್ಟರ್ ಮಕ್ಕಳು ಓದಿನಲ್ಲಿ ವರ್ಷಕ್ಕೆ ಸರಾಸರಿ 16 ದಿನಗಳ, ಗಣಿತದಲ್ಲಿ 6 ದಿನಗಳ ಕಲಿಕೆಗೆ ಸಮನಾದಷ್ಟು ಮುಂದಿದ್ದರು. ಆದರೆ ಮನೆಯಲ್ಲಿ ಗಣಕಯಂತ್ರದ ಮುಂದೆ ಕುಳಿತು ಕಲಿಯುವ ಆನ್‌ಲೈನ್ ಚಾರ್ಟರ್ ಶಾಲೆಗಳ ಮಕ್ಕಳು ಗಣಿತದಲ್ಲಿ 124 ದಿನಗಳಷ್ಟು ಹಿಂದುಳಿದಿದ್ದರು.

ಇಷ್ಟೊಂದು ಅಂತರಕ್ಕೆ ಕಾರಣವೇನು? ಆಯ್ಕೆಯ ಸ್ವಾತಂತ್ರ್ಯ ಎಲ್ಲ ಕಡೆಯೂ ಇತ್ತು. ಸನದು ಕೊಡುವವರ ಎಚ್ಚರ ಮಾತ್ರ ಎಲ್ಲ ಕಡೆಯೂ ಒಂದೇ ಬಗೆಯದಾಗಿರಲಿಲ್ಲ. ಒಂದು ಕಡೆ ಮೆಸಾಚೂಸೆಟ್ಸ್ ರಾಜ್ಯವನ್ನು ನೋಡಬಹುದು. ಅಲ್ಲಿ ಸನದು ಸಿಗುವುದು ಕಷ್ಟ, ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಬಾಸ್ಟನ್ ನಗರದಲ್ಲಿ ಚೀಟಿ ಎತ್ತುವಿಕೆಯಲ್ಲಿ ಸ್ಥಾನ ಪಡೆದ ಮಕ್ಕಳನ್ನು, ಅರ್ಜಿ ಹಾಕಿಯೂ ಪಡೆಯದ ಮಕ್ಕಳೊಂದಿಗೆ ಹೋಲಿಸಿ ನಡೆಸಿದ ಅಧ್ಯಯನಗಳು ದೊಡ್ಡ ಪ್ರಮಾಣದ ಪ್ರಗತಿಯನ್ನು ತೋರಿಸಿದವು. ಇನ್ನೊಂದು ಕಡೆ ಓಹಾಯೊ ರಾಜ್ಯವಿದೆ. ಅಲ್ಲಿನ ಎಲೆಕ್ಟ್ರಾನಿಕ್ ಕ್ಲಾಸ್‌ರೂಮ್ ಆಫ್ ಟುಮಾರೊ ಎಂಬ ಆನ್‌ಲೈನ್ ಶಾಲೆ ಸಾವಿರಾರು ಮಕ್ಕಳ ಹೆಸರಿನಲ್ಲಿ ವರ್ಷಾನುಗಟ್ಟಲೆ ಸರ್ಕಾರದ ಹಣ ಪಡೆಯಿತು. ಆ ಮಕ್ಕಳು ನಿಜಕ್ಕೂ ಪಾಠದಲ್ಲಿ ಭಾಗವಹಿಸಿದ್ದರೆಂಬುದಕ್ಕೆ ದಾಖಲೆ ಕೇಳಿದಾಗ ಬಹುಪಾಲಿಗೆ ದಾಖಲೆಯೇ ಇರಲಿಲ್ಲ. ಒಂದು ವರ್ಷದ ಲೆಕ್ಕಕ್ಕೇ ಸುಮಾರು 6 ಕೋಟಿ ಡಾಲರ್ ಹಿಂತಿರುಗಿಸಬೇಕೆಂದು ಸರ್ಕಾರ ಆದೇಶಿಸಿತು. 2018ರ ಜನವರಿಯಲ್ಲಿ, ಶೈಕ್ಷಣಿಕ ವರ್ಷದ ನಡುವೆಯೇ, ಶಾಲೆ ಮುಚ್ಚಿತು. ಮಕ್ಕಳು ಬೇರೆ ಶಾಲೆ ಹುಡುಕಿಕೊಳ್ಳಬೇಕಾಯಿತು.

ಸರಕು ಬಂದಿದೆಯೇ ಎಂದು ನೋಡದೆ ಬಿಲ್ಲಿಗೆ ಸಹಿ ಹಾಕುವ ಖರೀದಿದಾರನಿಗೆ ಏನಾಗುತ್ತದೆಯೋ ಓಹಾಯೊ ರಾಜ್ಯಕ್ಕೂ ಅದೇ ಆಯಿತು. ವ್ಯತ್ಯಾಸವಿಷ್ಟೇ: ಕೆಟ್ಟ ಸರಕನ್ನು ವಾಪಸು ಕಳುಹಿಸಬಹುದು, ಮಗುವಿನ ಕಳೆದುಹೋದ ಎರಡು ವರ್ಷಗಳನ್ನು ಯಾರೂ ತಂದುಕೊಡಲಾರರು.

ಮತದಾರರ ತೀರ್ಪು

ಹಾಗಾದರೆ ಉತ್ತಮ ಫಲಿತಾಂಶವಿದ್ದಲ್ಲಿ ಜನರು ಚಾರ್ಟರ್ ಶಾಲೆಗಳನ್ನು ಒಪ್ಪಿರಬೇಕಷ್ಟೆ? ಹಾಗೆ ಆಗಲಿಲ್ಲ. 2016ರ ನವೆಂಬರ್‌ನಲ್ಲಿ ಮೆಸಾಚೂಸೆಟ್ಸ್ ರಾಜ್ಯದಲ್ಲಿ ವರ್ಷಕ್ಕೆ 12ರವರೆಗೆ ಹೊಸ ಚಾರ್ಟರ್ ಶಾಲೆಗಳಿಗೆ ಅಥವಾ ಇರುವ ಶಾಲೆಗಳ ವಿಸ್ತರಣೆಗೆ ಅವಕಾಶ ನೀಡುವ ಪ್ರಸ್ತಾವ ಜನಮತಕ್ಕೆ ಬಂದಿತು. ದೇಶದಲ್ಲೇ ಅತ್ಯುತ್ತಮವೆನಿಸಿದ ಚಾರ್ಟರ್ ಶಾಲೆಗಳಿದ್ದ ಆ ರಾಜ್ಯದ ಮತದಾರರಲ್ಲಿ ಶೇ. 62ರಷ್ಟು ಮಂದಿ ಅದನ್ನು ತಿರಸ್ಕರಿಸಿದರು.

ಈ ತಿರಸ್ಕಾರವನ್ನು ಶಿಕ್ಷಕ ಸಂಘಗಳ ಪ್ರಚಾರದ ಫಲವೆಂದು ತಳ್ಳಿಹಾಕುವುದು ಸುಲಭ. ಪ್ರಚಾರಕ್ಕೆ ಎರಡೂ ಕಡೆಯವರು ಕೋಟ್ಯಂತರ ಡಾಲರ್ ವೆಚ್ಚ ಮಾಡಿದ್ದು ನಿಜ. ಆದರೆ ಮತದಾರರ ಆತಂಕಕ್ಕೆ ಲೆಕ್ಕಪತ್ರದ ಆಧಾರವಿತ್ತು. ಒಂದು ಊರಿನ ಸರ್ಕಾರಿ ಶಾಲೆಗಳಿಂದ ನೂರು ಮಕ್ಕಳು ಚಾರ್ಟರ್ ಶಾಲೆಗೆ ಹೋದರೆ ಅವರ ಪಾಲಿನ ಹಣವೂ ಹೋಗುತ್ತದೆ. ಆ ನೂರು ಮಕ್ಕಳು ಹತ್ತಾರು ತರಗತಿಗಳಿಂದ ಒಬ್ಬೊಬ್ಬರಾಗಿ ಹೋಗಿರುತ್ತಾರೆ. ಕಟ್ಟಡ, ವಾಹನ, ಶಿಕ್ಷಕರ ಸಂಬಳ ಯಾವುದೂ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಆರ್ಡರ್ ಕಾಲುಭಾಗ ಇಳಿದರೂ ಶೆಡ್ಡಿನ ಬಾಡಿಗೆ ಇಳಿಯದು ಎಂಬುದು ಸಣ್ಣ ಕೈಗಾರಿಕೆ ನಡೆಸುವ ಯಾರಿಗೂ ಹೊಸ ವಿಷಯವಲ್ಲ. ಈ ಹೊರೆಯನ್ನು ಕೆಲವು ವರ್ಷಗಳವರೆಗೆ ರಾಜ್ಯವೇ ಭಾಗಶಃ ತುಂಬಿಕೊಡಬೇಕೆಂದು ಅಲ್ಲಿನ ಕಾನೂನು ವಿಧಿಸಿತ್ತು. ಹಲವು ವರ್ಷ ಶಾಸನಸಭೆ ಅದಕ್ಕೆ ಪೂರ್ಣ ಹಣ ಒದಗಿಸಲಿಲ್ಲ. ಆಯ್ಕೆ ಮಾಡಿಕೊಂಡು ಹೋದ ಮಗುವಿಗೆ ಲಾಭವಾಯಿತು; ಉಳಿದ ಮಗುವಿಗೆ ಕೊಟ್ಟ ಮಾತು ನಡೆಯಲಿಲ್ಲ. ಅಲ್ಲಿನ ಸೋಲಿಗೆ ಮುರಿದ ಕರಾರೂ ಒಂದು ಕಾರಣವೆಂದೇ ನನ್ನ ಅಭಿಪ್ರಾಯ.

ನಮ್ಮ ರಾಜ್ಯದ ಅನುಭವ

ಸಾರ್ವಜನಿಕ ಹಣ, ಖಾಸಗಿ ಆಡಳಿತ ಎಂಬ ಏರ್ಪಾಡು ನಮಗೆ ಹೊಸದಲ್ಲ. ನಮ್ಮ ಅನುದಾನಿತ ಶಾಲೆಗಳು ಚಾರ್ಟರ್ ಎಂಬ ಶಬ್ದ ಕೇಳಿಬರುವುದಕ್ಕಿಂತ ಬಹಳ ಹಿಂದಿನಿಂದ ಇದೇ ರೀತಿಯಲ್ಲಿ ನಡೆದುಬಂದಿವೆ. ಆದರೆ ಬಡ ಪೋಷಕನ ಕೈಗೆ ಆಯ್ಕೆಯನ್ನು ನೇರವಾಗಿ ಕೊಡುವ ದೊಡ್ಡ ಪ್ರಯತ್ನ ನಡೆದದ್ದು 2009ರ ಶಿಕ್ಷಣ ಹಕ್ಕು ಕಾಯಿದೆಯ ಮೂಲಕ. ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶ ಹಂತದ ತರಗತಿಯಲ್ಲಿ ಶೇ. 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗಗಳ ಮಕ್ಕಳಿಗೆ ಉಚಿತವಾಗಿ ನೀಡಬೇಕು. ಅದರ ವೆಚ್ಚವನ್ನು ಸರ್ಕಾರ ತನ್ನ ಶಾಲೆಯಲ್ಲಿ ಒಂದು ಮಗುವಿಗೆ ಮಾಡುವ ಖರ್ಚನ್ನು ಮೀರದಂತೆ ಮರುಪಾವತಿಸಬೇಕು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು.

ಕರ್ನಾಟಕದಲ್ಲಿ ಇದಕ್ಕೆ ದೊರೆತ ಪ್ರತಿಕ್ರಿಯೆ ಅಭೂತಪೂರ್ವವಾಗಿತ್ತು. ಚೀಟಿ ಎತ್ತುವ ದಿನಕ್ಕಾಗಿ ಹಮಾಲರು, ಆಟೊ ಚಾಲಕರು, ಗಿರಣಿ ಕೆಲಸಗಾರರು ಕಾದರು. ಆದರೆ ಕರಾರು ಮೊದಲಿನಿಂದಲೂ ಸಡಿಲವಾಗಿತ್ತು. ಮರುಪಾವತಿ ತಡವಾಗುತ್ತಿದೆ ಎಂಬ ದೂರು ಶಾಲೆಗಳಿಂದ ವರ್ಷವರ್ಷವೂ ಬಂದಿತು. ಕೊಟ್ಟ ಹಣಕ್ಕೂ ಮಗುವಿನ ಕಲಿಕೆಗೂ ಕಾಯಿದೆಯ ಮರುಪಾವತಿ ಕಲಮು ಯಾವ ಸಂಬಂಧವನ್ನೂ ಕಲ್ಪಿಸಿರಲಿಲ್ಲ. ಬೋಧನಾ ಶುಲ್ಕ ಉಳಿದರೂ ವಾಹನ, ಸಮವಸ್ತ್ರ, ಪುಸ್ತಕಗಳ ಖರ್ಚು ಪೋಷಕರನ್ನು ಕಾಡಿತು. ಎಂಟನೆಯ ತರಗತಿ ಮುಗಿದೊಡನೆ ಕಾಯಿದೆಯ ರಕ್ಷಣೆಯೇ ಮುಗಿಯುವುದರಿಂದ, ಒಂಬತ್ತನೆಯ ತರಗತಿಯ ಶುಲ್ಕ ಭರಿಸಲಾಗದ ಕುಟುಂಬದ ಮಗು ಅದೇ ಶಾಲೆಯಿಂದ ಹೊರಬೀಳಬೇಕಾದ ಸ್ಥಿತಿ ಒದಗಿತು.

ನಂತರ 2019ರಲ್ಲಿ ರಾಜ್ಯ ಸರ್ಕಾರ ನಿಯಮವನ್ನೇ ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಈ ಸ್ಥಾನಗಳು ಇಲ್ಲ ಎಂದಾಯಿತು. ಒಂದು ಲಕ್ಷ ದಾಟಿದ್ದ ವಾರ್ಷಿಕ ಪ್ರವೇಶಗಳು ಕೆಲವೇ ಸಾವಿರಕ್ಕೆ ಕುಸಿದವು. ಅದೇ ವರ್ಷದ ಮೇ ತಿಂಗಳಲ್ಲಿ ನಮ್ಮ ಹೈಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇದನ್ನೇ ಹೋಲುವ ನಿಯಮವನ್ನು ಮಹಾರಾಷ್ಟ್ರ 2024ರಲ್ಲಿ ತಂದಾಗ ಬಾಂಬೆ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಸರ್ವೋಚ್ಚ ನ್ಯಾಯಾಲಯವೂ ಆ ತೀರ್ಪಿನಲ್ಲಿ ಹಸ್ತಕ್ಷೇಪ ಮಾಡಲಿಲ್ಲ. ಒಂದೇ ಕಾಯಿದೆಯ ಒಂದೇ ಕಲಮಿಗೆ ನೆರೆಯ ಎರಡು ರಾಜ್ಯಗಳಲ್ಲಿ ಎರಡು ಅರ್ಥ!

ಸರ್ಕಾರದ ವಾದದಲ್ಲಿ ತಥ್ಯವಿಲ್ಲದಿಲ್ಲ. ತನ್ನ ಶಾಲೆಗಳ ಕೊಠಡಿಗಳು ಖಾಲಿಯಾಗುತ್ತಿರುವಾಗ ಅದೇ ಮಕ್ಕಳಿಗಾಗಿ ಹೊರಗೆ ಹಣ ಕೊಡುವುದು ಜಾಣತನವಲ್ಲ ಎಂಬುದನ್ನು ಯಾವ ಲೆಕ್ಕಿಗನೂ ಒಪ್ಪುತ್ತಾನೆ. ಆದರೆ ಕೊಠಡಿ ಖಾಲಿಯಾದುದೇಕೆ ಎಂಬ ಪ್ರಶ್ನೆಗೆ ಆ ತಿದ್ದುಪಡಿ ಉತ್ತರ ಹೇಳಲಿಲ್ಲ. ಗ್ರಾಹಕರು ಬರುತ್ತಿಲ್ಲವೆಂದು ಎದುರಂಗಡಿಯ ಬಾಗಿಲು ಮುಚ್ಚಿಸಿದರೆ ನಮ್ಮ ಸರಕಿನ ಗುಣ ಹೆಚ್ಚುವುದಿಲ್ಲ.

ಖಾಸಗಿಯೆಂದರೆ ಉತ್ತಮವೆಂಬ ನಂಬಿಕೆಯನ್ನೂ ಇಲ್ಲಿ ಪರೀಕ್ಷಿಸಬೇಕು. ಆಂಧ್ರಪ್ರದೇಶದ 180 ಹಳ್ಳಿಗಳಲ್ಲಿ 2008ರಿಂದ ಚೀಟಿ ಎತ್ತಿ ಮಕ್ಕಳಿಗೆ ಖಾಸಗಿ ಶಾಲೆಯ ವೋಚರ್ ನೀಡಿದ ಪ್ರಯೋಗವನ್ನು ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅಧ್ಯಯನ ಮಾಡಿದ್ದಾರೆ. ನಾಲ್ಕು ವರ್ಷಗಳ ನಂತರ ತೆಲುಗು ಮತ್ತು ಗಣಿತದಲ್ಲಿ ವೋಚರ್ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸವಿರಲಿಲ್ಲ. ಹಿಂದಿಯಲ್ಲಿ ಮಾತ್ರ ವೋಚರ್ ಪಡೆದ ಮಕ್ಕಳು ಮುಂದಿದ್ದರು. ಆದರೆ ಖಾಸಗಿ ಶಾಲೆಯ ವೆಚ್ಚ ಸರ್ಕಾರಿ ಶಾಲೆಯದರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಇತ್ತು. ಇದನ್ನು ದಕ್ಷತೆ ಎನ್ನಬಹುದು. ಅದರ ಹಿಂದೆ ಶಿಕ್ಷಕರ ಅತ್ಯಲ್ಪ ಸಂಬಳವೂ ಇದೆ ಎಂಬುದನ್ನು ಮರೆಯುವಂತಿಲ್ಲ.

ನಾವು ಕೇಳಬೇಕಾದುದು

ಹೀಗಾಗಿ ಸರ್ಕಾರಿಯೋ ಖಾಸಗಿಯೋ ಎಂಬ ಪಂಗಡಗಳಲ್ಲಿ ಒಂದನ್ನು ವಾಣಿಜ್ಯ ಸಂಸ್ಥೆಗಳು ಸೇರಿಕೊಳ್ಳಬೇಕಾಗಿಲ್ಲ. ಸಾರ್ವಜನಿಕ ಹಣ ಎಲ್ಲಿಗೆ ಹೋದರೂ ಅದರ ಜೊತೆ ಕರಾರೂ ಹೋಗಲಿ ಎಂದು ಒತ್ತಾಯಿಸುವುದು ನಮ್ಮ ಕೆಲಸವಾಗಬೇಕು. ಈ ದಿಸೆಯಲ್ಲಿ ಕೆಲವು ಸಲಹೆಗಳನ್ನು ಸದಸ್ಯರ ಪರಿಶೀಲನೆಗೆ ಮುಂದಿಡುತ್ತಿದ್ದೇನೆ.

ಮೊದಲನೆಯದಾಗಿ, ಸರ್ಕಾರದ ಹಣ ಪಡೆಯುವ ಪ್ರತಿಯೊಂದು ಶಾಲೆಯೂ, ಅದು ಸರ್ಕಾರದ್ದೇ ಆಗಿರಲಿ, ಶಿಕ್ಷಕರ ಸಂಖ್ಯೆ, ಹಾಜರಾತಿ ಮತ್ತು ಮಕ್ಕಳ ಓದು-ಲೆಕ್ಕದ ಮಟ್ಟವನ್ನು ಪೋಷಕರಿಗೆ ಅರ್ಥವಾಗುವ ಕನ್ನಡದಲ್ಲಿ ಬಾಗಿಲಲ್ಲೇ ಪ್ರಕಟಿಸಬೇಕು. ಮಾಹಿತಿಯಿಲ್ಲದ ಆಯ್ಕೆ ಕಣ್ಣು ಕಟ್ಟಿ ಮಾಡಿದ ಖರೀದಿಯಷ್ಟೇ.

ಎರಡನೆಯದಾಗಿ, ಮರುಪಾವತಿಗೆ ನಿಶ್ಚಿತ ದಿನಾಂಕವಿರಬೇಕು. ಸಣ್ಣ ಕೈಗಾರಿಕೆಗಳಿಗೆ ಬಾಕಿ ಉಳಿಸಿಕೊಂಡವರು 45 ದಿನಗಳ ಮೇಲೆ ಬಡ್ಡಿ ತೆರಬೇಕೆಂಬ ನಿಯಮ 2006ರ ಕಾಯಿದೆಯಲ್ಲಿದೆ. ಬಡ ಮಗುವಿಗೆ ಸ್ಥಾನ ಕೊಟ್ಟ ಸಣ್ಣ ಶಾಲೆಗೂ ಅಂತಹ ರಕ್ಷಣೆ ಏಕಿರಬಾರದು?

ಮೂರನೆಯದಾಗಿ, ಶಾಲೆ ಮುಚ್ಚಿದರೆ ಅಥವಾ ಮಗು ಎಂಟನೆಯ ತರಗತಿ ದಾಟಿದರೆ ಮುಂದೇನು ಎಂಬುದು ಪ್ರವೇಶದ ದಿನವೇ ಬರವಣಿಗೆಯಲ್ಲಿರಬೇಕು.

ನಾಲ್ಕನೆಯದು ನಮ್ಮ ಪಾಲಿನದು. ಸರ್ಕಾರಿ ಶಾಲೆಗಳ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿ ಕುಳಿತುಕೊಳ್ಳುವ ಪೋಷಕರಲ್ಲಿ ಅನೇಕರು ನಮ್ಮ ಗೋದಾಮು, ಕಾರ್ಖಾನೆಗಳಲ್ಲೇ ದುಡಿಯುವವರು. ಸಭೆಯಿರುವ ದಿನ ಅವರಿಗೆ ಸಂಬಳ ಕಡಿತವಿಲ್ಲದೆ ಅರ್ಧ ದಿನದ ರಜೆ ನೀಡುವುದರಿಂದ ಯಾವ ಘಟಕವೂ ನಷ್ಟಕ್ಕೆ ಈಡಾಗದು. ಕೊಠಡಿಗೆ ಬಣ್ಣ ಬಳಿಸಿ ಫಲಕ ಹಾಕಿಸುವುದಕ್ಕಿಂತ ಇದರ ಪ್ರಯೋಜನ ಹೆಚ್ಚು.

ಪೋಷಕನಿಗೆ ಆಯ್ಕೆ ಬೇಕು, ಸಂದೇಹವಿಲ್ಲ. ಉಳ್ಳವರು ಅದನ್ನು ಎಂದಿನಿಂದಲೂ ಹಣ ಕೊಟ್ಟು ಪಡೆಯುತ್ತಿದ್ದಾರೆ. ದಿನಗೂಲಿಯವನಿಗೆ ಅದು ದಕ್ಕಬೇಕಾದರೆ ಸರ್ಕಾರವು ಎಚ್ಚರದ ಖರೀದಿದಾರನೂ ಮಾತಿಗೆ ತಪ್ಪದ ಪಾವತಿದಾರನೂ ಆಗಬೇಕು. ಕರಾರು ಬರೆಯುವುದೂ ಅದನ್ನು ನಡೆಸುವುದೂ ನಮ್ಮ ಸದಸ್ಯರಿಗೆ ನಿತ್ಯದ ಕೆಲಸ. ಆ ಅನುಭವವನ್ನು ಸರ್ಕಾರದ ಮುಂದಿಡಲು ನಮ್ಮ ಸಂಸ್ಥೆಗಳು ಮುಂದಾಗಲಿ.