ಬಿರುಗಾಳಿಯ ಕಾಲಕ್ಕೆ ಯಾವ ಕಡಲು?

ಬೆಂಗಳೂರಿಗೆ ಕಡಲಿಲ್ಲ, ಆದರೆ ಎರಡು ಕಡಲುಗಳಿಂದ ಸರಿಸುಮಾರು ಸಮದೂರದಲ್ಲಿರುವ ಊರು ಇದು. ಪೂರ್ವಕ್ಕೆ ಚೆನ್ನೈ, ಪಶ್ಚಿಮಕ್ಕೆ ಮಂಗಳೂರು, ರಸ್ತೆಯಲ್ಲಿ ಹೋದರೆ ಎರಡೂ ಸುಮಾರು 350 ಕಿಲೋಮೀಟರ್. ಹಾಗಾಗಿ ಬಳೇಪೇಟೆ, ಚಿಕ್ಕಪೇಟೆ, ಚಾಮರಾಜಪೇಟೆಯ ಸಂಸಾರವೊಂದು ಹಡಗಿನ ಪ್ರವಾಸಕ್ಕೆ ಮನಸ್ಸು ಮಾಡಿದರೆ ಅದರ ಮುಂದೆ ಹಲವು ದಾರಿಗಳಿರುತ್ತವೆ. ಲಕ್ಷದ್ವೀಪವೋ ಅಂಡಮಾನೋ, ಮುಂಬೈಯಿಂದ ಹೊರಡುವ ಹಡಗೋ ಚೆನ್ನೈಯಿಂದ ಹೊರಡುವುದೋ, ಇಲ್ಲವೇ ಸಿಂಗಪುರವೋ. ಮಕ್ಕಳು ಅಮೆರಿಕದಲ್ಲಿದ್ದರೆ ಕೆರಿಬಿಯನ್ ದ್ವೀಪಗಳೂ ಪಟ್ಟಿಗೆ ಸೇರುತ್ತವೆ. ತಿರುಪತಿ, ಧರ್ಮಸ್ಥಳ, ಊಟಿಗಳಾಚೆ ನೀರಿನ ಮೇಲೂ ನಾಲ್ಕು ದಿನ ಕಳೆಯುವ ಅನುಕೂಲ ಮಧ್ಯಮ ವರ್ಗದ ಮನೆಗಳಿಗೆ ಬಂದಿರುವುದು ಸಂತೋಷದ ಸಂಗತಿ. ಆದರೆ ನಾವು ಆರಿಸುವ ರೀತಿ ಇನ್ನೂ ನೆಲದ ಪ್ರವಾಸದ್ದೇ. ಮೊದಲು ಜಾಗ, ಆಮೇಲೆ ದರ, ಆಮೇಲೆ ಊಟದ ವ್ಯವಸ್ಥೆ. ತಿಂಗಳು ಯಾವುದೆಂಬುದು ರಜೆ ಸಿಕ್ಕಂತೆ. ಕಡಲಿನ ವಿಷಯದಲ್ಲಿ ಈ ಕ್ರಮ ತಿರುವುಮುರುವಾಗಬೇಕು ಎಂಬುದು ನನ್ನ ವಾದ.

ಕಡಲಿಗೆ ತನ್ನದೇ ಪಂಚಾಂಗವಿದೆ. ನಮ್ಮ ಸುತ್ತಲಿನ ಸಮುದ್ರಗಳಲ್ಲಿ ಚಂಡಮಾರುತಗಳು ವರ್ಷಕ್ಕೆ ಎರಡು ಹಂಗಾಮಿನಲ್ಲಿ ಏಳುತ್ತವೆ: ಮುಂಗಾರಿಗೆ ಮುಂಚೆ, ಏಪ್ರಿಲ್‌ನಿಂದ ಜೂನ್ ಮೊದಲ ಭಾಗದವರೆಗೆ, ಮುಂಗಾರು ಹಿಂದೆ ಸರಿದ ಮೇಲೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಬಂಗಾಳ ಕೊಲ್ಲಿಯಲ್ಲಿ ನಾಲ್ಕು ಹುಟ್ಟಿದರೆ ಅರಬ್ಬಿ ಸಮುದ್ರದಲ್ಲಿ ಒಂದು ಎಂಬುದು ಹವಾಮಾನ ತಜ್ಞರ ಹಳೆಯ ಲೆಕ್ಕ. ನಡುವಿನ ಮುಂಗಾರಿನ ತಿಂಗಳುಗಳಲ್ಲಿ ಚಂಡಮಾರುತ ಅಪರೂಪ. ಆದರೆ ಪಶ್ಚಿಮ ಕರಾವಳಿಯಲ್ಲಿ ಕಡಲು ದಿನವೂ ಒರಟು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳು ಆಗ ನಿಲ್ಲುತ್ತವೆ. ಅದೇ ಜೂನ್, ಜುಲೈನಲ್ಲಿ ಚೆನ್ನೈ ಕಡೆಯ ಕಡಲು ಹೋಲಿಕೆಯಲ್ಲಿ ಶಾಂತ, ಏಕೆಂದರೆ ಆ ತೀರದ ದೊಡ್ಡ ಮಳೆ ಬರುವುದು ಹಿಂಗಾರಿನಲ್ಲಿ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯ ಹೊತ್ತಿಗೆ ನಮ್ಮ ಆಕಾಶ ಮುಚ್ಚಿಕೊಂಡು ಜಿಟಿಜಿಟಿ ಹಿಡಿದರೆ, ಅದರ ಮೂಲ ಬಹುಮಟ್ಟಿಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಲ್ಲೇ ಇರುತ್ತದೆ. ನಮಗೆ ಜಿಟಿಜಿಟಿಯಾಗಿ ಬರುವುದು ತೀರದವರಿಗೆ ಬಿರುಗಾಳಿಯಾಗಿರುತ್ತದೆ.

ಈಗ ಈ ಪಂಚಾಂಗದ ಪಕ್ಕದಲ್ಲಿ ನಮ್ಮ ರಜೆಗಳನ್ನು ಇಟ್ಟು ನೋಡಿ. ಏಪ್ರಿಲ್, ಮೇ ಬೇಸಿಗೆ ರಜೆ. ಅಕ್ಟೋಬರ್‌ನಲ್ಲಿ ದಸರಾ ರಜೆ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ರಜೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಬಿಡುವು ಸಿಗುವ ಮೂರೂ ಕಾಲ ಚಂಡಮಾರುತದ ಹಂಗಾಮಿನೊಳಗೇ ಬೀಳುತ್ತವೆ. ಇತಿಹಾಸ ತೆಗೆದು ನೋಡಿದರೂ ಅದೇ ಕಾಣುತ್ತದೆ. ಫೈಲಿನ್ ಒಡಿಶಾದ ಗೋಪಾಲಪುರವನ್ನು ಮುಟ್ಟಿದ್ದು 2013ರ ಅಕ್ಟೋಬರ್ 12. ಹುದ್‌ಹುದ್ ವಿಶಾಖಪಟ್ಟಣವನ್ನು ಹೊಡೆದದ್ದು ಮರುವರ್ಷ ಅದೇ ದಿನ. ಫೋನಿ ಪುರಿಗೆ ಅಪ್ಪಳಿಸಿದ್ದು 2019ರ ಮೇ 3. ಧನುಷ್ಕೋಡಿಯನ್ನೂ ಅಲ್ಲಿಗೆ ಬರುತ್ತಿದ್ದ ಪ್ಯಾಸೆಂಜರ್ ರೈಲನ್ನೂ ಕಡಲು ಕೊಚ್ಚಿಕೊಂಡು ಹೋದದ್ದು 1964ರ ಡಿಸೆಂಬರ್ 22ರ ರಾತ್ರಿ. ಪೂರ್ವ ಬಿಟ್ಟು ಪಶ್ಚಿಮಕ್ಕೆ ಹೋದರೆ ಸಾಕು ಎನ್ನುವ ಧೈರ್ಯವೂ ಮೊದಲಿನಂತೆ ಉಳಿದಿಲ್ಲ. 2019ರಲ್ಲಿ ಅರಬ್ಬಿ ಸಮುದ್ರವೊಂದರಲ್ಲೇ ಐದು ಚಂಡಮಾರುತಗಳು ಎದ್ದವು. ಅವುಗಳಲ್ಲಿ ಕ್ಯಾರ್ ಮತ್ತು ಮಹಾ ಬಂದದ್ದು ಅಕ್ಟೋಬರ್ ಕೊನೆಗೆ. 2021ರ ಮೇ ತಿಂಗಳಲ್ಲಿ ತೌಕ್ತೆ ಲಕ್ಷದ್ವೀಪವನ್ನು ಹಾದು ನಮ್ಮ ಕರಾವಳಿಯುದ್ದಕ್ಕೂ ದಡ ಕೊರೆಯಿತು. ಮೂಲ್ಕಿಯ ಬಳಿ ಬಂಡೆಗೆ ಸಿಕ್ಕಿಕೊಂಡ ಟಗ್‌ನಲ್ಲಿದ್ದ ಒಂಬತ್ತು ಮಂದಿಯನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ ಸೇರಿ ಉಳಿಸಬೇಕಾಯಿತು.

ಹಾಗಾದರೆ ಹೋಗುವುದೇ ಬೇಡವೇ? ಹಾಗೆ ಹೇಳುವುದು ಸುಲಭ, ಆದರೆ ಸರಿಯಲ್ಲ. ಹಂಗಾಮಿನಲ್ಲೂ ಬಹುತೇಕ ದಿನಗಳು ಶಾಂತವಾಗಿಯೇ ಕಳೆಯುತ್ತವೆ. ಒಂದು ನಿರ್ದಿಷ್ಟ ವಾರ ಒಂದು ನಿರ್ದಿಷ್ಟ ದ್ವೀಪದ ಮೇಲೆ ಚಂಡಮಾರುತ ಬರುವ ಸಂಭವ ಕಡಿಮೆ. ಟ್ರಾವಲ್ ಏಜೆಂಟರು 'ಏನೂ ಆಗಲ್ಲ ಸಾರ್' ಎನ್ನುವಾಗ ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಸಂಭವ ಎಲ್ಲ ಕಡೆಯೂ ಕಡಿಮೆಯೇ ಆಗಿದ್ದರೆ, ಅದನ್ನು ನೋಡಿ ಒಂದು ಜಾಗದ ಬದಲು ಇನ್ನೊಂದನ್ನು ಆರಿಸುವುದು ಹೇಗೆ? ಕೇಳಬೇಕಾದ ಪ್ರಶ್ನೆ ಬೇರೆ: ಕೆಟ್ಟರೆ ಅಲ್ಲಿಂದ ಹಿಂತಿರುಗುವ ದಾರಿಗಳೆಷ್ಟು?

2016ರ ಡಿಸೆಂಬರ್ ಮೊದಲ ವಾರ ಅಂಡಮಾನಿನ ಬಳಿ ವಾಯುಭಾರ ಕುಸಿಯಿತು. ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಿಗೆ ದೋಣಿ ಸಂಚಾರ ನಿಂತಿತು. ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಅಲ್ಲೇ ಸಿಕ್ಕಿಕೊಂಡರು. ಆ ದ್ವೀಪಗಳಿಂದ ಹೊರಬರುವ ಸಾಮಾನ್ಯ ದಾರಿ ದೋಣಿಯೊಂದೇ. ಕೊನೆಗೆ ನೌಕಾಪಡೆಯ ಹಡಗುಗಳು ಹೋಗಿ ಕರೆತಂದವು. ಅದೇ ಕುಸಿತ ಬಲಿತು ವಾರ್ದಾ ಎಂಬ ಹೆಸರಿನಿಂದ ಡಿಸೆಂಬರ್ 12ರಂದು ಚೆನ್ನೈಗೆ ಅಪ್ಪಳಿಸಿತು. ಚೆನ್ನೈನಲ್ಲಿ ಆದ ನಾಶ ದೊಡ್ಡದು. ಆದರೆ ಅಲ್ಲಿದ್ದ ಪ್ರವಾಸಿಗೆ ಒಂದು ದಿನ ಮುಂಚೆಯೇ ರೈಲು, ಬಸ್ಸು, ಕಾರು ಹಿಡಿದು ಬೆಂಗಳೂರಿಗೆ ಬಂದುಬಿಡುವ ಅವಕಾಶವಿತ್ತು. ಒಂದೇ ಬಿರುಗಾಳಿ, ಎರಡು ಜಾಗ. ಒಂದು ಕಡೆ ದಾರಿ ಮೊದಲೇ ಮುಚ್ಚಿತು, ಇನ್ನೊಂದು ಕಡೆ ಕೊನೆಯವರೆಗೂ ತೆರೆದಿತ್ತು. ನಾನು ಹೇಳುವ ಅಳತೆಗೋಲು ಇದೇ.

ಇದೇ ಗೋಲಿನಿಂದ ಉಳಿದವನ್ನೂ ಅಳೆಯಬಹುದು. ಲಕ್ಷದ್ವೀಪ ಕೊಚ್ಚಿಯಿಂದ 220ರಿಂದ 440 ಕಿಲೋಮೀಟರ್ ದೂರ. ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ. ಸುತ್ತ ಹವಳದ ದಂಡೆ ಇರುವುದರಿಂದ ಅನೇಕ ದ್ವೀಪಗಳಲ್ಲಿ ದೊಡ್ಡ ಹಡಗು ಹೊರಗೇ ಲಂಗರು ಹಾಕಿ, ಜನರನ್ನು ಸಣ್ಣ ದೋಣಿಗೆ ಇಳಿಸಬೇಕು. ಅಲೆ ಎದ್ದಾಗ ಮೊದಲು ನಿಲ್ಲುವುದು ಈ ಇಳಿಸುವ ಕೆಲಸ. ಮಂಡಿನೋವಿನ ಹಿರಿಯರು ಜೊತೆಯಲ್ಲಿದ್ದರೆ ಇದು ಸಣ್ಣ ಮಾತಲ್ಲ. ಸಿಂಗಪುರದ ಕಥೆ ಬೇರೆ. ಸಮಭಾಜಕ ವೃತ್ತದಿಂದ ಸುಮಾರು ಐದು ಡಿಗ್ರಿಯೊಳಗೆ ಚಂಡಮಾರುತ ಹುಟ್ಟುವುದು ತೀರಾ ಅಪರೂಪ, ಏಕೆಂದರೆ ಗಾಳಿಯನ್ನು ಸುಳಿಯಾಗಿ ತಿರುಗಿಸುವ ಭೂಭ್ರಮಣದ ಬಲ ಅಲ್ಲಿ ಸಾಲದು. ಸಿಂಗಪುರ ಇರುವುದು ಒಂದೂಕಾಲು ಡಿಗ್ರಿಯ ಆಸುಪಾಸಿನಲ್ಲಿ. 2001ರ ಡಿಸೆಂಬರ್‌ನಲ್ಲಿ ವಾಮೈ ಎಂಬ ಚಂಡಮಾರುತ ಅದರ ಹತ್ತಿರವೇ ಎದ್ದದ್ದು ನಿಯಮಕ್ಕೆ ಅಪವಾದವೆಂದೇ ಪುಸ್ತಕ ಸೇರಿತು. ದಸರಾ, ಡಿಸೆಂಬರ್ ಬಿಟ್ಟು ಬೇರೆ ರಜೆಯೇ ಇಲ್ಲದವರಿಗೆ, ಖರ್ಚು ತಡೆದೀತೆಂದಾದರೆ, ಅದು ಮೇಲಿನ ಆಯ್ಕೆ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬೇಸಿಗೆಯಲ್ಲಿ ಹೋಗುವ ತಂದೆತಾಯಂದಿರು ಸೆಪ್ಟೆಂಬರ್‌ನ ಲೇಬರ್ ಡೇ ರಜೆಗೆ ಕೆರಿಬಿಯನ್ ಹಡಗು ಹತ್ತುವುದುಂಟು. ಅಟ್ಲಾಂಟಿಕ್‌ನ ಹರಿಕೇನ್ ಹಂಗಾಮು ಜೂನ್ 1ರಿಂದ ನವೆಂಬರ್ 30. ಅದರ ನೆತ್ತಿ ಸೆಪ್ಟೆಂಬರ್ 10ರ ಸುಮಾರು. ಆಗ ದರ ಇಳಿದಿರುವುದಕ್ಕೆ ಕಾರಣವೂ ಅದೇ. ವೆನೆಜುವೆಲಾ ತೀರದ ಅರೂಬಾ, ಬೊನೇರ್, ಕುರಸಾವ್ ದ್ವೀಪಗಳು ಈ ದಾರಿಯಿಂದ ದಕ್ಷಿಣಕ್ಕೆ ಇರುವುದರಿಂದ ಅಪಾಯ ಕಡಿಮೆ. ಗ್ರೆನಡಾವನ್ನೂ ಜನ ಹಾಗೆಯೇ ನಂಬಿದ್ದರು. 2024ರ ಜುಲೈ 1ರಂದು ಬೆರಿಲ್ ಆ ದೇಶದ ಕ್ಯಾರಿಯಾಕೂ ದ್ವೀಪವನ್ನು ನೆಲಸಮ ಮಾಡಿತು. ಪೂರ್ತಿ ಸುರಕ್ಷಿತವಾದ ಜಾಗ ಹುಡುಕುತ್ತ ಹೋದರೆ ಸಿಗುವುದಿಲ್ಲ. ಮರಳುವ ದಾರಿ ಇರುವ ಜಾಗ ಹುಡುಕಿದರೆ ಸಿಗುತ್ತದೆ.

ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಹಡಗು ಬಿರುಗಾಳಿಗಿಂತ ವೇಗವಾಗಿ ಓಡುತ್ತದೆ, ಸುತ್ತು ಹಾಕಿ ಹೋಗುತ್ತದೆ, ಭಯವೇಕೆ ಎಂಬುದು ಮೊದಲನೆಯದು. ಮಾತು ನಿಜ, ದೊಡ್ಡ ಹಡಗಿನಲ್ಲಿ ಪ್ರಾಣಭಯ ಬಹಳ ಕಡಿಮೆ. ಆದರೆ ಸುತ್ತು ಹಾಕಿದ ಹಡಗು ನೀವು ನೋಡಹೊರಟ ದ್ವೀಪವನ್ನು ಬಿಟ್ಟು ಹೋಗುತ್ತದೆ. ಬಂದರು ಬದಲಿಸುವ ಹಕ್ಕನ್ನು ಕಂಪನಿಗಳು ಟಿಕೆಟ್ಟಿನ ಕರಾರಿನಲ್ಲೇ ಇಟ್ಟುಕೊಂಡಿರುತ್ತವೆ. ಚಂಡಮಾರುತಕ್ಕೆ ಹೆಸರು ಬಿದ್ದ ಮೇಲೆ ಕೊಂಡ ವಿಮೆ ಆ ನಷ್ಟವನ್ನು ಸಾಮಾನ್ಯವಾಗಿ ತುಂಬುವುದಿಲ್ಲ. ದರ ಇಳಿಸಿದವರು ಅಪಾಯವನ್ನು ಇಲ್ಲವಾಗಿಸಿಲ್ಲ. ಪ್ರಯಾಣಿಕನ ಹೆಗಲಿಗೆ ದಾಟಿಸಿದ್ದಾರೆ.

ಹವಾಮಾನ ಇಲಾಖೆ ಈಗ ನಾಲ್ಕೈದು ದಿನ ಮುಂಚೆಯೇ ಹೇಳುತ್ತದಲ್ಲ ಎಂಬುದು ಎರಡನೆಯದು. ಆ ಮುನ್ಸೂಚನೆ ದೊಡ್ಡ ಸಾಧನೆ. 1999ರ ಮಹಾಚಂಡಮಾರುತದಲ್ಲಿ ಒಡಿಶಾ ಸುಮಾರು ಹತ್ತು ಸಾವಿರ ಜನರನ್ನು ಕಳೆದುಕೊಂಡಿತ್ತು. ಫೋನಿ ಬಂದಾಗ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಸಾಗಿಸಿ ಪ್ರಾಣಹಾನಿಯನ್ನು ಹತ್ತಾರಕ್ಕೆ ಇಳಿಸಿತು. ಆದರೆ ನಾವು ಟಿಕೆಟ್ ಕಾಯ್ದಿರಿಸುವುದು ಮೂರು ತಿಂಗಳು ಮುಂಚೆ. ಆಗ ನಮ್ಮ ಕೈಯಲ್ಲಿ ಮುನ್ಸೂಚನೆ ಇರುವುದಿಲ್ಲ, ಹಂಗಾಮಿನ ತಿಳಿವಳಿಕೆ ಮಾತ್ರ ಇರುತ್ತದೆ. ಕಾಯ್ದಿರಿಸುವಾಗ ಹಂಗಾಮು ನೋಡಬೇಕು, ಹೊರಡುವಾಗ ಮುನ್ಸೂಚನೆ ನೋಡಬೇಕು. ಎರಡನೆಯದು ಬೇಡವೆಂದರೆ ಹಣ ಹೋದರೂ ಹೊರಡಬಾರದು. 2017ರ ಓಖಿಯಲ್ಲಿ ಕನ್ಯಾಕುಮಾರಿ, ಕೇರಳದ ನೂರಾರು ಮೀನುಗಾರರು ಮನೆಗೆ ಮರಳಲಿಲ್ಲ. ಹೊಟ್ಟೆಪಾಡಿಗೆ ಕಡಲಿಗಿಳಿಯುವವರನ್ನು ಹುಡುಕಬೇಕಾದ ಹಡಗು, ಹೆಲಿಕಾಪ್ಟರ್‌ಗಳನ್ನು ನಮ್ಮ ರಜೆಗಾಗಿ ಅತ್ತಿಂದಿತ್ತ ಓಡಿಸುವ ಹಕ್ಕು ನಮಗಿಲ್ಲ.

ಪೇಟೆಯ ವರ್ತಕರಿಗೆ ಇಲ್ಲೊಂದು ಅನುಕೂಲವಿದೆ. ಮದುವೆಯ ತಿಂಗಳುಗಳಲ್ಲಿ, ದಸರಾ ದೀಪಾವಳಿಯಲ್ಲಿ ಬಳೆ, ಸೀರೆ, ವಾದ್ಯಗಳ ಅಂಗಡಿಯವರು ಗಲ್ಲಾ ಬಿಟ್ಟು ಏಳುವಂತಿಲ್ಲ, ಬಿಡುವಾಗುವುದು ಆಷಾಢದಲ್ಲಿ. ಪಶ್ಚಿಮದ ಕಡಲು ಆಗ ಮುಚ್ಚಿದ್ದರೂ ಪೂರ್ವದ್ದು ತೆರೆದಿರುತ್ತದೆ. 2021ರಲ್ಲಿ ಮುಂಬೈಯಿಂದ ಯಾನ ಆರಂಭಿಸಿದ ಕಾರ್ಡೇಲಿಯಾ ಸಂಸ್ಥೆಯ ಹಡಗು 2022ರ ಜೂನ್‌ನಲ್ಲಿ ಚೆನ್ನೈಗೆ ಬಂದು ನಿಂತಿತು. 2023ರ ಜೂನ್ 5ರಂದು ಅಲ್ಲಿಂದಲೇ ಶ್ರೀಲಂಕಾಕ್ಕೆ ಹೊರಟಿತು. ಹಡಗಿನವರೇ ಮುಂಗಾರಿಗೆ ಕಡಲು ಬದಲಿಸುತ್ತಾರೆಂದರೆ ಪ್ರಯಾಣಿಕರು ಅಷ್ಟು ಕಲಿಯಬಹುದು.

ಹಾಗಾಗಿ ನನ್ನ ತೀರ್ಮಾನ ಇಷ್ಟು. ಲಕ್ಷದ್ವೀಪ, ಅಂಡಮಾನುಗಳನ್ನು ಜನವರಿಯಿಂದ ಮಾರ್ಚ್‌ಗೆ ಇಟ್ಟುಕೊಳ್ಳಿ. ಆಗ ಎರಡೂ ಕಡಲು ಶಾಂತ, ದ್ವೀಪದವರ ದುಡಿಮೆಗೂ ಒಳ್ಳೆಯ ಕಾಲ. ಶಾಲೆಯ ಮಕ್ಕಳಿಲ್ಲದ ನಿವೃತ್ತರಿಗೆ ಡಿಸೆಂಬರ್‌ನಲ್ಲೇ ಹೋಗಬೇಕೆಂಬ ಕಾರಣವೇ ಇಲ್ಲ. ಆಷಾಢದಲ್ಲಿ ಬಿಡುವಾದವರು ಚೆನ್ನೈ ಕಡೆ ನೋಡಿ. ದಸರಾ, ಡಿಸೆಂಬರ್‌ನಲ್ಲೇ ಹೋಗಬೇಕಾದವರು ಸಮಭಾಜಕದ ಹತ್ತಿರದ ಕಡಲನ್ನೋ, ರೈಲಿನಲ್ಲಿ ಹಿಂತಿರುಗಬಹುದಾದ ತೀರವನ್ನೋ ಆರಿಸಿ, ಎರಡು ದಿನದ ರಜೆಯನ್ನೂ ಎರಡು ದಿನದ ಔಷಧಿಯನ್ನೂ ಹೆಚ್ಚಿಗೆ ಇಟ್ಟುಕೊಂಡು ಹೊರಡಿ. ಏಜೆಂಟರ ಬಳಿ ಕೂತಾಗ ಮೊದಲು ತಿಂಗಳು ಹೇಳಿ, ಮರಳುವ ದಾರಿ ಕೇಳಿ. ದರದ ಮಾತು ಆಮೇಲೆ ಬರಲಿ.