ಜಾಮೀನು ಸಿಕ್ಕಿತು, ಸಿಮ್ಮೂ ಸಿಕ್ಕಿತು, ಮುಂದೆ?

ಜೈಲಿನಿಂದ ಹೊರಬಂದವರು ಒಂದೆರಡು ದಿನದಲ್ಲೇ ಮೊಬೈಲ್ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ರಿಪೇರಿ, ರೀಚಾರ್ಜು, ಸೆಕೆಂಡ್ ಹ್ಯಾಂಡ್ ಫೋನು, ಇಷ್ಟೇ ವ್ಯಾಪಾರ. ‘ಒಳಗಿದ್ದೆ’ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ಊರಾಗಿರಲಿಲ್ಲ ಅಣ್ಣ, ಸಿಮ್ ಬಂದ್ ಆಗೈತಿ’ ಅನ್ನುತ್ತಾರೆ. ಮೂರು ತಿಂಗಳು ಬಳಸದೆ, ರೀಚಾರ್ಜ್ ಮಾಡದೆ ಬಿಟ್ಟ ಸಿಮ್ ಬಂದ್ ಆಗುವುದು ಸಹಜ. ಕೆಲವರ ನಂಬರು ಆಗಲೇ ಬೇರೆಯವರ ಪಾಲಾಗಿರುತ್ತದೆ. ಹಳೆಯ ಫೋನು ಪೊಲೀಸರ ಬಳಿ ಮುದ್ದೆಮಾಲಾಗಿ ಕೂತಿರುತ್ತದೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಗ್ಯಾಸ್ ಬುಕಿಂಗ್ ಎಲ್ಲಕ್ಕೂ ಜೋಡಿಸಿದ್ದು ಅದೇ ಸತ್ತ ನಂಬರು. ಒಟಿಪಿ ಬಾರದೆ ಯಾವ ಕೆಲಸವೂ ನಡೆಯದ ಈ ಕಾಲದಲ್ಲಿ, ಹೊರಬಂದವನು ಮತ್ತೆ ನಾಲ್ಕು ಜನರ ನಡುವೆ ಬಾಳಬೇಕೆಂದರೆ ಮೊದಲು ಬೇಕಾದದ್ದು ಫೋನೇ.

ಅದೇ ಫೋನು ಕೆಲವರಿಗೆ ಚಟವೂ ಆಗುತ್ತದೆ. ಆದರೆ ಆ ಚಟ ಬಿಡಿಸುವ ಮಾತಾಡುವವರು ಇದನ್ನು ಮೊದಲು ತಿಳಿದುಕೊಳ್ಳಬೇಕು. ಕುಡಿತ ಪೂರ್ತಿ ಬಿಟ್ಟು ನೂರು ವರ್ಷ ಬದುಕಬಹುದು. ಫೋನನ್ನು ಹಾಗೆ ಬಿಡಲು ಬರುವುದಿಲ್ಲ. ಎಪಿಎಂಸಿಯಲ್ಲಿ ನಾಳೆ ಯಾರು ಹಮಾಲಿಗೆ ಬರಬೇಕೆಂದು ಮೇಸ್ತ್ರಿ ರಾತ್ರಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ವಾಯ್ಸ್ ಹಾಕುತ್ತಾನೆ. ಊಟ ತಲುಪಿಸುವ ಕೆಲಸವಂತೂ ಪೂರಾ ಆ್ಯಪಿನ ಮೇಲೇ ನಡೆಯುವುದು. ವಕೀಲರು ಮುಂದಿನ ತಾರೀಖು ತಿಳಿಸುವುದೂ ಫೋನಿನಲ್ಲೇ. ಹಾಗಾಗಿ ಇಲ್ಲಿ ಚಿಕಿತ್ಸೆಯೆಂದರೆ ಫೋನು ಕಿತ್ತಿಡುವುದಲ್ಲ, ಅದನ್ನು ಹಿಡಿತದಲ್ಲಿಟ್ಟು ಬಳಸುವುದನ್ನು ಕಲಿಸುವುದು. ಕಲಿಸಲು ನುರಿತವರು ಬೇಕು, ಅವರು ದಾವಣಗೆರೆಯಲ್ಲೇ ಸಿಗಬೇಕು, ಬಿಡುಗಡೆಯಾದ ವಾರದಲ್ಲೇ ಸಿಗಬೇಕು ಎಂಬುದು ನನ್ನ ಅಹವಾಲು.

ಕೆಲವು ತಿಂಗಳ ಹಿಂದೆ ತಾಯಿಯೊಬ್ಬರು ಮಗನ ಫೋನ್ ತಂದಿದ್ದರು. ಬಿಚ್ಚಿ ನೋಡಿದರೆ ಚಾರ್ಜಿಂಗ್ ಪಿನ್ ಲೂಸಾಗಿ ಕಪ್ಪಿಟ್ಟಿತ್ತು. ರಾತ್ರಿಯಿಡೀ ಚಾರ್ಜಿಗೆ ಹಾಕಿಕೊಂಡೇ ಬಳಸುವ ಫೋನುಗಳ ಕಥೆಯೇ ಇಷ್ಟು. ಟೆಂಪರ್ಡ್ ಗ್ಲಾಸು ಹೆಬ್ಬೆರಳು ಆಡುವ ಜಾಗದಲ್ಲಿ ಮಾತ್ರ ಮಂಕಾಗಿತ್ತು. ಆಕೆ ದನಿ ತಗ್ಗಿಸಿ, ‘ರಿಪೇರಿ ಮಾಡಬ್ಯಾಡ್ರಿ ಅಣ್ಣಾರ, ಆಗಂಗಿಲ್ಲ ಅಂತ ಹೇಳಿ ವಾಪಸ್ ಕೊಟ್ಟುಬಿಡ್ರಿ. ಜೈಲ್ನಾಗ ಇದ್ದಾಗ್ಲೇ ವಾಸಿ ಇದ್ದ. ಈಗ ಬೆಳತನಕ ಎಚ್ಚರ, ಹಗಲೆಲ್ಲಾ ನಿದ್ದಿ’ ಎಂದರು. ಇದು ಹಾಳಾದರೆ ಸಂಜೆಯೊಳಗೆ ಕಂತಿನ ಮೇಲೆ ಇನ್ನೊಂದು ತರುತ್ತಾನಮ್ಮಾ ಎಂದೆ. ಡಾಕ್ಟರಿಗೆ ತೋರಿಸಿ ಎಂದೂ ಹೇಳಿದೆ. ‘ಫೋನ್ ನೋಡಾಕೂ ಡಾಕ್ಟ್ರಾ?’ ಎಂದು ನನ್ನ ಮುಖವನ್ನೇ ನೋಡಿದರು.

ಹೌದು, ಡಾಕ್ಟರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಷಟ್’ ಎಂಬ ಕ್ಲಿನಿಕ್ 2014ರಿಂದ ನಡೆಯುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ 2022ರ ಜನವರಿಯಲ್ಲಿ ಜಾರಿಗೆ ಬಂತು. ಅದರಲ್ಲಿ ಜೂಜಿನ ಚಟದ ಜೊತೆಗೆ ಗೇಮಿಂಗ್ ಚಟವೂ ಇದೆ. ಆಟ ನಿಲ್ಲಿಸಲು ಆಗದಿರುವುದು, ಊಟ, ಕೆಲಸ, ಮನೆಗಿಂತ ಆಟವೇ ಮೊದಲಾಗುವುದು, ಹಾಳಾಗುತ್ತಿದ್ದೇನೆಂದು ಗೊತ್ತಿದ್ದೂ ಮುಂದುವರಿಸುವುದು. ಸಾಮಾನ್ಯವಾಗಿ ಒಂದು ವರ್ಷ ಈ ಲಕ್ಷಣಗಳಿದ್ದರೆ ಅದು ಕಾಯಿಲೆ. ರೀಲ್ಸ್ ನೋಡುವುದಕ್ಕೆ ಆ ಪಟ್ಟಿಯಲ್ಲಿ ಬೇರೆ ಹೆಸರಿಲ್ಲ. ಹೊರಬಂದ ಹೊಸದರಲ್ಲಿ ಫೋನ್ ನೋಡುವವರೆಲ್ಲ ರೋಗಿಗಳೂ ಅಲ್ಲ. ಕಾಯಿಲೆ ಯಾವುದು, ಬರೀ ಬೇಸರ ಯಾವುದು ಎಂದು ಹೇಳಬೇಕಾದವರು ಬಲ್ಲವರು. ಓಣಿಯವರೂ ಅಲ್ಲ, ನಾನೂ ಅಲ್ಲ.

ಆದರೂ ಜೈಲಿಂದ ಬಂದವನ ಪಾಡು ಉಳಿದವರದಕ್ಕಿಂತ ಬೇರೆ. ಒಳಗೆ ಊಟ, ಎಣಿಕೆ, ಸಂಜೆಯ ಬೀಗ ಎಲ್ಲಕ್ಕೂ ಹೊತ್ತು ಗೊತ್ತಿತ್ತು. ಹೊರಗೆ ಇಡೀ ದಿನ ಖಾಲಿ. ನಮ್ಮೂರ ಹತ್ತಿ ಗಿರಣಿಗಳು, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಪಾಳಿಯ ಕೆಲಸವಾದರೂ ಇತ್ತು. ಈಗ ಕೇಸಿರುವ ಹುಡುಗನನ್ನು ಕೆಲಸಕ್ಕೆ ಕರೆಯುವವರು ಕಡಿಮೆ. ಓಣಿಯಲ್ಲಿ ಸಿಕ್ಕವರೆಲ್ಲ ‘ಯಾವಾಗ ಬಂದಿ?’ ಎಂದು ಕೇಳುತ್ತಾರೆ. ಫೋನು ಕೇಳುವುದಿಲ್ಲ. ಒಳಗೆ ಫೋನೇ ಇರುವುದಿಲ್ಲವೆಂಬ ಮಾತೂ ಪೂರ್ತಿ ನಿಜವಲ್ಲ. ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನ ಕೈದಿಗಳ ಕೈಯಲ್ಲಿ ಮೊಬೈಲ್ ಇರುವ ವಿಡಿಯೊಗಳನ್ನು 2025ರ ನವೆಂಬರ್‌ನಲ್ಲಿ ರಾಜ್ಯವೇ ನೋಡಿತು.

ಹೊರಗಿನ ಈ ಖಾಲಿ ಹೊತ್ತು, ಕೈಯಲ್ಲಿ ಫೋನು, ಇದಕ್ಕೆ ಜೂಜು ಸೇರಿದರೆ ಕಥೆ ಮುಗಿಯಿತು. ಓಸಿ (ಮಟ್ಕಾ) ಚೀಟಿಗೆ ಒಂದು ಕಾಲದಲ್ಲಿ ಪಾನ್ ಶಾಪ್ ಹುಡುಕಿಕೊಂಡು ಹೋಗಬೇಕಿತ್ತು. ಈಗ ಐಪಿಎಲ್ ಬೆಟ್ಟಿಂಗ್ ಹಾಸಿಗೆಗೇ ಬರುತ್ತದೆ. ಇಂಥ ಜೂಜಿನ ಕೇಸುಗಳಲ್ಲಿ ಹಾಕುವ ಕರ್ನಾಟಕ ಪೊಲೀಸ್ ಕಾಯ್ದೆಯ 78(3) ಎಂಬ ಕಲಂ ನಮ್ಮ ಕಡೆಯ ಹುಡುಗರಿಗೆ ಬಾಯಿಪಾಠ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ತಂದಿತು. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡುವವನನ್ನು ಆ ಕಾಯ್ದೆ ಅಪರಾಧಿ ಎನ್ನುವುದಿಲ್ಲ, ಅದು ಸರಿಯೇ. ಆದರೆ ಆ್ಯಪ್ ಬಂದ್ ಆದರೆ ಚಟ ಬಂದ್ ಆಗುವುದಿಲ್ಲ. ಲಿಂಕ್ ಕಳಿಸುವವರು ಇದ್ದೇ ಇರುತ್ತಾರೆ. ಸಾಲ ತೀರಿಸಲು ಮತ್ತೆ ಆಟ, ಆಟಕ್ಕೆ ಮತ್ತೆ ಸಾಲ, ಆಮೇಲೆ ಕಳವು, ಆಮೇಲೆ ಮತ್ತದೇ ಜೈಲು.

ಹಾಗಿದ್ದರೆ ನಿಮ್ಹಾನ್ಸ್‌ಗೆ ಹೋಗಲಿ ಎನ್ನಬಹುದು. ಇಲ್ಲೇ ಒಂದು ತೊಡಕಿದೆ. 2022ರ ರಾಷ್ಟ್ರೀಯ ಅಂಕಿ-ಅಂಶದ ಪ್ರಕಾರ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಇವರು ಹೊರಬರುವುದು ಹೆಚ್ಚಾಗಿ ಜಾಮೀನಿನ ಮೇಲೆ. ಕೋರ್ಟಿನ ವ್ಯಾಪ್ತಿ ಬಿಟ್ಟು ಹೋಗಬಾರದು, ವಾರಕ್ಕೊಮ್ಮೆ ಠಾಣೆಯಲ್ಲಿ ಸಹಿ ಹಾಕಬೇಕು ಎಂಬ ಷರತ್ತುಗಳು ಎಷ್ಟೋ ಜಾಮೀನುಗಳಲ್ಲಿ ಇರುತ್ತವೆ. ಅಂಥವನು ಇನ್ನೂರೈವತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬೇಕಾದರೆ ಕೋರ್ಟಿನ ಅನುಮತಿ ಬೇಕು. ಜೊತೆಗೆ ಬಸ್ ಚಾರ್ಜು, ಕೂಲಿ ನಷ್ಟ. ಸನ್ನಡತೆಯ ಮೇಲೆ ಬಿಡುಗಡೆಯಾದವರಿಗೆ ಹಾರ, ಭಾಷಣ, ಪ್ರಮಾಣಪತ್ರ ಇರುತ್ತವೆ. ಜಾಮೀನಿನವನು ಕೈಚೀಲ ಹಿಡಿದು ಸುಮ್ಮನೆ ಗೇಟು ದಾಟುತ್ತಾನೆ.

ಹೊಸ ಆಸ್ಪತ್ರೆ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಈಗಾಗಲೇ ಇದೆ. ಅದರ ಮಾದರಿ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ. ಚಿಗಟೇರಿ ಜಿಲ್ಲಾಸ್ಪತ್ರೆ ನಮ್ಮೂರಲ್ಲೇ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ಮನೋಚೈತನ್ಯ ಎಂಬ ಯೋಜನೆಯಿದೆ. 2022ರ ಅಕ್ಟೋಬರ್‌ನಿಂದ ಟೆಲಿ ಮನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಫೋನ್ ಮಾಡಿದರೂ ಕನ್ನಡದಲ್ಲೇ, ಪುಕ್ಕಟೆಯಾಗಿ ಮಾತಾಡುತ್ತಾರೆ. ಕೈದಿಗಳಿಗೆ ಪುಕ್ಕಟೆ ವಕೀಲರನ್ನು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಇವೆಲ್ಲ ಬೇರೆ ಬೇರೆ ಬಾಗಿಲುಗಳು. ಒಂದರಿಂದ ಇನ್ನೊಂದಕ್ಕೆ ಕರೆದೊಯ್ಯುವವರಿಲ್ಲ.

ಅದಕ್ಕೆ ಬೇಕಾದದ್ದು ಇಷ್ಟು. ಬಿಡುಗಡೆಯ ದಿನ ಕೈಗೆ ಬಟ್ಟೆಬರೆ ಕೊಡುವಾಗ ಒಂದು ಚೀಟಿಯನ್ನೂ ಕೊಡಲಿ. ಅದರಲ್ಲಿ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಬರಬೇಕಾದ ದಿನ ಮತ್ತು 14416 ಇರಲಿ. ಹರಿಹರದವನಾದರೆ ಅಲ್ಲಿಯ ಆಸ್ಪತ್ರೆಯ ವಾರ ಬರೆಯಲಿ. ಜಿಲ್ಲೆಯ ಆಪ್ತಸಮಾಲೋಚಕರಿಗೆ ನಿಮ್ಹಾನ್ಸ್‌ನವರು ತರಬೇತಿ ಕೊಡಲಿ. ನಿದ್ದೆ ಸರಿಪಡಿಸುವುದು, ಖಾಲಿ ಹೊತ್ತಿಗೆ ಕೆಲಸ ಹೊಂದಿಸುವುದು, ಆಡಬೇಕೆನಿಸಿದ ಗಳಿಗೆಯನ್ನು ದಾಟಿಸುವುದು, ಮನೆಯವರನ್ನೂ ಕೂರಿಸಿ ಮಾತಾಡುವುದು, ಇದೇ ಚಿಕಿತ್ಸೆಯ ಮುಖ್ಯ ಭಾಗ. ಇದನ್ನು ಜಾಮೀನಿನ ಷರತ್ತು ಮಾಡುವುದು ಮಾತ್ರ ಬೇಡ. ಒಂದು ವಾರ ತಪ್ಪಿದರೆ ಮತ್ತೆ ಒಳಗೆ ಎಂಬ ಭಯ ಹುಟ್ಟಿದರೆ ಯಾರೂ ಡಾಕ್ಟರ ಮುಂದೆ ನಿಜ ಹೇಳುವುದಿಲ್ಲ.

ನಮ್ಮಂಥ ಅಂಗಡಿಯವರೂ ಕೈಜೋಡಿಸಬಹುದು. ಕೇಳಿದವರಿಗೆ ಆ್ಯಪ್‌ಗಳಿಗೆ ಟೈಮರ್ ಹಾಕಿಕೊಡುವುದು, ಯುಪಿಐ ಇಲ್ಲದ ಸಿಮ್ಮನ್ನು ಮಾತ್ರ ಕೆಲಸದ ಫೋನಿಗೆ ಹಾಕುವುದು ಐದು ನಿಮಿಷದ ಕೆಲಸ. ನಾನು ಮಾಡುತ್ತಿದ್ದೇನೆ, ದುಡ್ಡು ತೆಗೆದುಕೊಳ್ಳುವುದಿಲ್ಲ.

ತಪ್ಪು ಮಾಡಿ ಒಳಗೆ ಹೋದವರಿಗೆ ಸರ್ಕಾರ ಇನ್ನೆಷ್ಟು ಖರ್ಚು ಮಾಡಬೇಕು ಎಂದು ಕೇಳುವವರಿದ್ದಾರೆ. ಅವನು ಮತ್ತೆ ಒಳಗೆ ಹೋದರೆ ಊಟ, ಕಾವಲು, ಕೋರ್ಟಿಗೆ ಕರೆದೊಯ್ಯುವ ವ್ಯಾನಿನ ಡೀಸೆಲ್ಲು, ಎಲ್ಲ ನಮ್ಮದೇ ತೆರಿಗೆಯದು. ಚೀಟಿಗೆ ಒಂದು ರೂಪಾಯಿಯೂ ಬೀಳುವುದಿಲ್ಲ. ಜೈಲು, ಜಿಲ್ಲಾಸ್ಪತ್ರೆ, ಕಾನೂನು ಸೇವಾ ಪ್ರಾಧಿಕಾರದ ಅಧಿಕಾರಿಗಳು ಒಂದು ದಿನ ಒಟ್ಟಿಗೆ ಕೂತರೆ ಈ ಕೆಲಸ ಮುಂದಿನ ತಿಂಗಳೇ ಶುರುವಾಗಬಹುದು. ಇದಕ್ಕೆ ಟೆಂಡರ್ ಕರೆಯುವ ಅಗತ್ಯವೂ ಇಲ್ಲ.