ಹಿತ್ತಿಲ ತೋಪಿಗೆ ಯಾವ ಮರ?

ಸುಳ್ಯ ಸೀಮೆಯಲ್ಲಿ ಮನೆಯ ಖರ್ಚು, ಮಕ್ಕಳ ವಿದ್ಯಾಭ್ಯಾಸ, ಮದುವೆ ಮುಂಜಿಗಳೆಲ್ಲ ಅಡಿಕೆಯ ಗೊನೆಯನ್ನು ನಂಬಿಕೊಂಡೇ ನಡೆಯುತ್ತ ಬಂದಿವೆ. ಸಂಪಾಜೆ, ಅರಂತೋಡುಗಳ ಕಡೆ ಆ ನಂಬಿಕೆಗೆ ಹಳದಿ ಎಲೆ ರೋಗವು ಕೊಡಲಿಯೇಟು ಹಾಕಿದೆ. ಕೇರಳದಲ್ಲಿ 1914ರ ಸುಮಾರಿಗೇ ಕಂಡುಬಂದ ಈ ರೋಗಕ್ಕೆ ಫೈಟೋಪ್ಲಾಸ್ಮ ಎಂಬ, ಕೋಶಭಿತ್ತಿಯಿಲ್ಲದ ಅತಿಸೂಕ್ಷ್ಮ ಜೀವಿಯು ಕಾರಣ. ರಸ ಹೀರುವ ಜಿಗಿಹುಳುವೊಂದು ಅದನ್ನು ಮರದಿಂದ ಮರಕ್ಕೆ ಸಾಗಿಸುತ್ತದೆ. ರೋಗವನ್ನು ಪೂರ್ಣವಾಗಿ ಗುಣಪಡಿಸುವ ಔಷಧವಿಲ್ಲ.

ಅಡಿಕೆ ಹೋದ ನೆಲದಲ್ಲೆಲ್ಲ ರಬ್ಬರೊಂದನ್ನೇ ನೆಡುವುದು ಇದಕ್ಕೆ ಪರಿಹಾರವೆಂದು ನಮಗೆ ತೋರುವುದಿಲ್ಲ. ರೋಗ ತಪ್ಪಿದರೂ, ಒಂದೇ ಬೆಳೆಯ ಬೆಲೆಯ ಏರಿಳಿತಕ್ಕೆ ಸಂಸಾರವು ಸಿಕ್ಕಿಬೀಳುವುದು ತಪ್ಪದು. ಮನೆಯ ಹಿಂದಿನ ಹತ್ತಿಪ್ಪತ್ತು ಸೆಂಟ್ಸ್ ಜಾಗದಲ್ಲಾದರೂ, ಪಕ್ಕದ ಕಾಡನ್ನೇ ಗುರುವಾಗಿಟ್ಟುಕೊಂಡು, ಬೇರೆ ಬೇರೆ ಎತ್ತರದ ಬಹುವಾರ್ಷಿಕ ಸಸ್ಯಗಳ ಚಿಕ್ಕ ತೋಪನ್ನು ಬೆಳೆಸಬೇಕೆಂಬುದು ನಮ್ಮ ಅಭಿಪ್ರಾಯ. ಮೇಲೆ ಹಲಸು, ಅದರ ಕಾಂಡಕ್ಕೆ ಕಾಳುಮೆಣಸಿನ ಬಳ್ಳಿ, ನಡುವೆ ಪುನರ್ಪುಳಿ, ಜಾಯಿಕಾಯಿ, ಕೆಳಗೆ ಚಕ್ರಮುನಿಯಂತಹ ಸೊಪ್ಪಿನ ಗಿಡ, ಬೇಲಿಗೆ ಗ್ಲಿರಿಸಿಡಿಯ. ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆಯ ಪೆಟ್ಟನ್ನು ಈ ಎಲೆಗಳ ಅಂತಸ್ತುಗಳೂ ನೆಲದ ತರಗೆಲೆಯೂ ತಡೆಯುತ್ತವೆ. ಇಂತಹ ತೋಪು ಅಡಿಕೆಯ ಆದಾಯವನ್ನು ತುಂಬಿಕೊಡಲಾರದು, ನಿಜ. ಅಡಿಕೆ ಇನ್ನೂ ನಿಂತಿರುವಲ್ಲಿ ಅದರ ನಡುವೆಯೇ ಕೊಕ್ಕೊ, ಮೆಣಸುಗಳನ್ನು ಬೆಳೆಸಬಹುದು. 1956ರಲ್ಲಿ ಆರಂಭವಾದ ವಿಟ್ಲದ ಸಂಶೋಧನಾ ಕೇಂದ್ರವು ಈ ಪದ್ಧತಿಯನ್ನು ಬಹುಕಾಲ ಪರೀಕ್ಷಿಸಿದೆ.

ಸಸಿಯನ್ನು ಆರಿಸುವಾಗ ಹಲವರು ಕೇಳದೆ ಬಿಡುವ ಪ್ರಶ್ನೆಯೊಂದುಂಟು: ಅದು ಗಂಡೋ, ಹೆಣ್ಣೋ? ಜಾಯಿಕಾಯಿ, ಪುನರ್ಪುಳಿಗಳಲ್ಲಿ ಗಂಡುಹೂವು ಹೆಣ್ಣುಹೂವುಗಳು ಸಾಮಾನ್ಯವಾಗಿ ಬೇರೆ ಬೇರೆ ಮರಗಳಲ್ಲಿರುತ್ತವೆ. ಬೀಜದಿಂದೆದ್ದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಂಡು. ಗುಟ್ಟು ಹೊರಬೀಳುವುದು ಆರೇಳು ವರ್ಷಗಳ ಬಳಿಕ, ಹೂವು ಬಂದಾಗ. ಹೈಸ್ಕೂಲಿಗೆ ಸೇರಿದ ವರ್ಷ ಜಾಯಿಕಾಯಿ ನೆಟ್ಟ ವಿದ್ಯಾರ್ಥಿಗೆ, ಪದವಿ ಪಡೆಯುವ ಹೊತ್ತಿಗೆ, ತನ್ನದು ಕಾಯಿ ಬಿಡದ ಮರವೆಂದು ತಿಳಿಯಬಹುದು! ಹೆಣ್ಣೆಂದು ಖಚಿತವಾದ ತಾಯಿಮರದ ಕಸಿಗಿಡವನ್ನೇ ತರಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿಯೇ. ಹತ್ತು ಹೆಣ್ಣುಮರಗಳಿಗೆ ಒಂದು ಗಂಡುಮರವಿದ್ದರೆ ಪರಾಗಕ್ಕೆ ಸಾಕು. ಒಂದೆರಡೇ ಮರಗಳಿರುವಲ್ಲಿ ಹೆಣ್ಣುಮರಕ್ಕೇ ಗಂಡುಕೊಂಬೆಯೊಂದನ್ನು ಕಸಿ ಕಟ್ಟಬಹುದು.

ಈ ಉಪಾಯವು ನಮಗೆ ಹೊಸದೇನೂ ಅಲ್ಲ. ಪಶ್ಚಿಮ ಘಟ್ಟಗಳ ಕಾಡುಮೆಣಸಿನಲ್ಲಿಯೂ ಗಂಡುಬಳ್ಳಿ, ಹೆಣ್ಣುಬಳ್ಳಿಗಳು ಬೇರೆಬೇರೆಯಾಗಿರುವುದೇ ಹೆಚ್ಚು. ಒಂದೇ ಹೂವಿನಲ್ಲಿ ಎರಡೂ ಅಂಗಗಳಿರುವ ಬಳ್ಳಿಗಳನ್ನು ಹಿಂದಿನ ಕೃಷಿಕರು ಆರಿಸಿ, ಬೀಜವನ್ನು ನಂಬದೆ, ತುಂಡುಗಳಿಂದಲೇ ವೃದ್ಧಿಪಡಿಸಿದರು.

ಒಂದೇ ಮರಕ್ಕೆ ಸ್ಥಳವಿರುವವರು ಹಲಸನ್ನು ನೆಡಲಿ. ಗಂಡುಹೂಗೊಂಚಲೂ ಹೆಣ್ಣುಹೂಗೊಂಚಲೂ ಒಂದೇ ಮರದಲ್ಲಿರುವುದರಿಂದ ಮೇಲಿನ ತೊಡಕು ಇಲ್ಲಿಲ್ಲ. ಎಳೆಯ ಗುಜ್ಜೆ ಪಲ್ಯಕ್ಕೆ, ಬಲಿತ ಸೊಳೆ ಹಪ್ಪಳಕ್ಕೆ, ಬೀಜ ಮಳೆಗಾಲದ ಸಾಂಬಾರಿಗೆ.